ಪದವಿಪತ್ರದ ಮೇಲಿಟ್ಟ ಚೀಲ

ಹೊಟ್ಟೆಯಿಂದ ನಳಿಕೆ ತೆಗೆದ ದಿನ ಡಾಕ್ಟರನ್ನು ನಾನು ಕೇಳಿದ್ದು ಒಂದೇ: "ಮತ್ತೆ ಯಾವಾಗ ಹಾಕ್ತೀರಾ ಸಾರ್?"

"ಸೋಂಕು ಪೂರ್ತಿ ಹೋಗ್ಲಿ, ನೋಡೋಣ" ಅಂದರು. ನಾನದನ್ನು ಒಪ್ಪಿಗೆ ಎಂದೇ ತೆಗೆದುಕೊಂಡೆ.

ಆ ನಳಿಕೆ ಇದ್ದುದಕ್ಕೇ ಗುಬ್ಬಿಯ ಶಾಲೆಯಲ್ಲಿ ನನ್ನ ಕೆಲಸ ಉಳಿದಿತ್ತು. ಕಿಡ್ನಿ ಕೈಕೊಟ್ಟ ಮೇಲೆ ದಿನಕ್ಕೆ ನಾಲ್ಕು ಸಲ ಅದರ ಮೂಲಕ ಹೊಟ್ಟೆಗೆ ಡಯಾಲಿಸಿಸ್ ನೀರು ಬಿಟ್ಟುಕೊಂಡು, ಹಳೆಯದನ್ನು ಚೀಲಕ್ಕೆ ಇಳಿಸಬೇಕಿತ್ತು. ಮೂರು ಸಲ ತುಮಕೂರಿನ ಬಟವಾಡಿಯ ಬಾಡಿಗೆ ಕೋಣೆಯಲ್ಲಿ, ಮಧ್ಯಾಹ್ನದ್ದು ಶಾಲೆಯ ನಕ್ಷೆಗಳನ್ನಿಡುವ ಕೋಣೆಯಲ್ಲಿ. ಹೆಡ್‌ಮಾಸ್ಟರು ಅದರ ಬೀಗದ ಕೈಯನ್ನೇ ನನಗೆ ಕೊಟ್ಟಿದ್ದರು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಯಾರ ಹಂಗೂ ಇಲ್ಲದೆ ಬದುಕಬಲ್ಲೆ ಎಂಬ ಹೆಮ್ಮೆ ನನಗಿತ್ತು, ಈಗಲೂ ಇದೆ.

ಇಳಿದ ನೀರು ತಿಳಿಯಾಗಿದೆಯೋ ಎಂದು ನೋಡಲು ಚೀಲವನ್ನು ಅಚ್ಚಾದ ಕಾಗದದ ಮೇಲಿಡಬೇಕು. ಅಕ್ಷರ ಕಂಡರೆ ಸರಿ, ಮಸುಕಾದರೆ ಸೋಂಕು. ನಾನು ಇಡುತ್ತಿದ್ದುದು ಲ್ಯಾಮಿನೇಷನ್ ಮಾಡಿಸಿದ ನನ್ನ ಬಿ.ಎ. ಪದವಿಪತ್ರದ ಜೆರಾಕ್ಸ್ ಮೇಲೆ. ಅದೇ ಯಾಕೆ ಎಂದು ಕೇಳಿದವರಿಗೆ, ಸ್ಪಿರಿಟ್‌ನಲ್ಲಿ ಒರೆಸಬಹುದಲ್ಲ ಅನ್ನುತ್ತಿದ್ದೆ.

ಅಮೃತೂರಿನಿಂದ ಅಕ್ಕ ಬಂದಿದ್ದ ಬೆಳಿಗ್ಗೆ ಹೊಟ್ಟೆ ನೋಯುತ್ತಿತ್ತು. ಆದರೂ ನನ್ನ ಹೆಸರಿನಿಂದ ಕುಲಪತಿಗಳ ಸಹಿಯವರೆಗೆ ಓದಿ, ಸರಿಯಾಗಿದೆ ಅಂದೆ. ಅಕ್ಕ ಬಗ್ಗಿ ನೋಡಿದಳು. ಅವಳು ಶಾಲೆಗೆ ಹೋದವಳಲ್ಲ.

"ಏನೇ ಕಾಣ್ತದೆ ಇದ್ರಲ್ಲಿ? ಗಂಜಿ ಇದ್ದಂಗೈತೆ."

"ಈಗ ಓದಿದ್ನಲ್ಲಕ್ಕ."

"ಓದ್ದೆ ಬುಡು, ಬಾಯಿಪಾಠ. ಕರಿ ಗೆರೆ ಐತೋ ಇಲ್ವೋ ನೋಡಕ್ಕೂ ಬಿ.ಎ. ಮಾಡ್ಬೇಕೇನೇ?"

ಎಷ್ಟು ದಿನದಿಂದ ಹಾಗೆ ಓದಿಕೊಂಡಿದ್ದೆನೋ ಗೊತ್ತಿಲ್ಲ. ಔಷಧಿಗೆ ಸೋಂಕು ಬಗ್ಗಲಿಲ್ಲ, ನಳಿಕೆ ತೆಗೆದರು. ಕತ್ತಿನ ಬಳಿ ಬೇರೊಂದು ನಳಿಕೆ ಹಾಕಿ, ಆಸ್ಪತ್ರೆಯ ಯಂತ್ರದಲ್ಲಿ ಡಯಾಲಿಸಿಸ್ ಶುರುವಾಯಿತು.

ಮನೆಗೆ ಬಂದು ವಾರವಾಗಿತ್ತು. ಮತ್ತೆ ಚಳಿಜ್ವರ. ಹೊಟ್ಟೆ ಬಿಗಿದುಕೊಂಡಿತ್ತು, ಊಟ ಸೇರುತ್ತಿರಲಿಲ್ಲ. ಜ್ವರ ಬಂದರೆ ತಕ್ಷಣ ತಿಳಿಸಿ ಎಂದಿದ್ದರು. ತಿಳಿಸಿದರೆ ಹೊಸ ನಳಿಕೆ ಹಾಕುವ ದಿನ ಮುಂದೆ ಹೋಗುತ್ತದಲ್ಲ! ಡಯಾಲಿಸಿಸ್‌ಗೆ ಹೋಗುವ ಮುಂಚೆ ಜ್ವರದ ಮಾತ್ರೆ ನುಂಗಿ, ನರ್ಸ್ ಕೇಳಿದಾಗ "ಏನೂ ಇಲ್ಲ" ಅಂದೆ. ಎರಡು ಸಲ ನಡೆಯಿತು. ಮೂರನೆಯ ಸಲ ಅಕ್ಕ ಜೊತೆಗೆ ಬಂದಳು.

"ಸುಳ್ಳು ಹೇಳ್ತಾವ್ಳೆ ಕಣಮ್ಮ. ಮೈ ಕೆಂಡ ಆಗೈತೆ ಇವ್ಳಿಗೆ."

ಸ್ಕ್ಯಾನ್ ಮಾಡಿದರು. ಹೊಟ್ಟೆಯೊಳಗೆ ಒಂದು ಕಡೆ ಕೀವು ನಿಂತಿತ್ತು. ಸೂಜಿ ಚುಚ್ಚಿ ಸಣ್ಣ ಕೊಳವೆ ಇಟ್ಟು, ಪಕ್ಕದಲ್ಲಿ ಚೀಲ ಕಟ್ಟಿದರು. ದಿನವೂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವ ಕೆಲಸ ಅಕ್ಕನದಾಯಿತು. ನಾನು ಕೈ ಚಾಚಿದರೆ, "ಬ್ಯಾಡ ಬುಡು, ನೀನು ಎಲ್ಲಾನೂ ಪಾಸ್ ಮಾಡ್ಬುಡ್ತೀಯ" ಅನ್ನುತ್ತಿದ್ದಳು. ನಗಲು ಹೋದರೆ ಹೊಟ್ಟೆ ಹಿಡಿಯುತ್ತಿತ್ತು.

ಎರಡು ತಿಂಗಳಾದ ಮೇಲೆ ಹೊಸ ನಳಿಕೆಗೆಂದು ಹೊಟ್ಟೆಯಲ್ಲಿ ರಂಧ್ರ ಮಾಡಿ, ಕ್ಯಾಮೆರಾ ಇಳಿಸಿ ನೋಡಿ, ಹಾಗೇ ಹೊಲಿದುಬಿಟ್ಟರು. "ಕರುಳು ಅಲ್ಲಲ್ಲೇ ಅಂಟ್ಕೊಂಡಿದೆ, ನೀರು ಹರಡೋಕೆ ಜಾಗ ಇಲ್ಲ. ಇನ್ನು ಆ ದಾರಿ ಇಲ್ಲಮ್ಮ" ಅಂದರು ಡಾಕ್ಟರು. ಜ್ವರ ಬಂದದ್ದನ್ನು ನಾನು ಬೇಗ ಹೇಳಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ಕೇಳಿದೆ. "ಹಾಗೆ ಹೇಳೋಕಾಗಲ್ಲ" ಅಂದರು. ಬೈದಿದ್ದರೆ ಹಗುರವಾಗುತ್ತಿತ್ತೇನೋ.

"ನಮ್ಮೂರ ಹತ್ರ ಕುಣಿಗಲ್ಲಲ್ಲೂ ಮಿಷಿನ್ ಐತಂತೆ. ಬಂದ್ಬುಡೇ ನಮ್ಮನೆಗೆ" ಅಂದಳು ಅಕ್ಕ.

"ಸ್ಕೂಲು?"

ಅವಳು ತನ್ನ ಬಟ್ಟೆ ಚೀಲ ಹೆಗಲಿಗೇರಿಸಿ ಕುಣಿಗಲ್ ಬಸ್ಸು ಹತ್ತಿದಳು.

ಈಗ ವಾರಕ್ಕೆ ಮೂರು ದಿನ ತುಮಕೂರಿನ ಆಸ್ಪತ್ರೆ, ಮೂರು ದಿನ ಗುಬ್ಬಿ. ಹತ್ತನೇ ತರಗತಿ ಬೇರೆಯವರ ಪಾಲಾಯಿತು. ಮಧ್ಯಾಹ್ನ ಬೆಲ್ ಹೊಡೆದರೆ ಕಾಲು ತಾನಾಗಿ ನಕ್ಷೆ ಕೋಣೆಯ ಕಡೆ ಹೋಗುತ್ತದೆ. ಹೆಡ್‌ಮಾಸ್ಟರಿಗೆ ಎಲ್ಲ ಗೊತ್ತು, ಆದರೂ ಬೀಗದ ಕೈ ವಾಪಸ್ ಕೇಳಿಲ್ಲ. ನಳಿಕೆ ಹೋದದ್ದನ್ನು ಬೇರೆ ಯಾರಿಗೂ ನಾನು ಹೇಳಿಲ್ಲ. ಒಳಗಿಂದ ಚಿಲಕ ಹಾಕಿಕೊಂಡು, ಹಿಂದೆ ನೀರಿನ ಚೀಲ ತೂಗುಹಾಕುತ್ತಿದ್ದ, ಈಗ ಬರಿದಾದ ಕೊಕ್ಕೆಯ ಕೆಳಗೆ ಕುರ್ಚಿಯಲ್ಲಿ ಕೂರುತ್ತೇನೆ.

"ಏಯ್, ಗಲಾಟೆ ಮಾಡ್ಬೇಡ್ರೋ! ಮಿಸ್ಸು ನೀರು ಬದ್ಲಾಯಿಸ್ತಾವ್ರೆ" ಎಂದು ಹೊರಗೆ ಅಟೆಂಡರ್ ಗದರುತ್ತಾನೆ. ಮಕ್ಕಳು ಸುಮ್ಮನಾಗುತ್ತಾರೆ. ಹಿಂದೆ ಅದಕ್ಕೆ ಹಿಡಿಯುತ್ತಿದ್ದಷ್ಟೇ ಹೊತ್ತು ಕೂತಿದ್ದು, ಬೀಗ ಹಾಕಿ ಬರುತ್ತೇನೆ.