ಹಳೆಯ ನಾಲ್ಕು ಡಿಗ್ರಿ

ಯಂತ್ರ ತಾನಾಗಿ ಮಾತಾಡಿತು ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಈಗ ನಂಬುತ್ತೇನೆಂದಲ್ಲ. ನಗುವುದನ್ನು ಬಿಟ್ಟಿದ್ದೇನೆ, ಅಷ್ಟೆ. ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ ಎಂಬ ಭರವಸೆಯನ್ನೂ ಕೊಡಲಾರೆ. ನೆನಪು ಎಲ್ಲವನ್ನೂ ಒಪ್ಪ ಮಾಡಿಬಿಡುತ್ತದೆ, ಒಪ್ಪವಾದದ್ದನ್ನು ಕಂಡರೆ ನನಗೆ ಅನುಮಾನ.

ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಹಡಿ ಕೋಣೆಯಲ್ಲಿ ಶಾರದಕ್ಕ ಮತ್ತು ನಾನು ಸಣ್ಣ ಎಲೆಕ್ಟ್ರಾನಿಕ್ ಸಾಧನಗಳನ್ನು ಮಾಡುತ್ತಿದ್ದೆವು. ಶಾರದಕ್ಕ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಪ್ರೋಗ್ರಾಂ ಬರೆಯುವವರು ಅವರು. ಪ್ರತಿ ಬದಲಾವಣೆಯನ್ನು ಓದಿ ಒಪ್ಪಿಗೆ ಕೊಡುವವಳು ನಾನು, ಸಾಗರದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಆಗ ಕೈಯಲ್ಲಿದ್ದದ್ದು ಹೊಸನಗರದ ಕಡೆಯ ಒಂದು ಚಿಕ್ಕ ಆಸ್ಪತ್ರೆಯ ಇನ್ಸುಲಿನ್ ಫ್ರಿಜ್ಜನ್ನು ಕಾಯುವ ಸಾಧನ. ಒಳಗೆ ಬಿಸಿಯಾದರೆ ಅಲ್ಲಿನ ನರ್ಸಿಗೆ ಮೆಸೇಜ್ ಹೋಗಬೇಕು. ಹಿಂದೊಮ್ಮೆ ಕರೆಂಟ್ ಹೋಗಿ ಮದ್ದೆಲ್ಲ ಹಾಳಾಗಿತ್ತು. ನಾನು ಹೇಳಹೊರಟ ದಿನದ ಮರುದಿನವೇ ಹೋಗಿ ಈ ಸಾಧನವನ್ನು ಜೋಡಿಸುವುದಿತ್ತು.

ನಾವು ಪ್ರೋಗ್ರಾಂ ಬರೆಯುತ್ತಿದ್ದ ಸಿ ಭಾಷೆಯಲ್ಲಿ ತಪ್ಪು ತಾನಾಗಿ ಕೂಗಿಕೊಳ್ಳುವುದಿಲ್ಲ. ಬಿಸಿ ಅಳೆಯುವ ಸೆನ್ಸರನ್ನು ಓದಲು ಆಗದಿದ್ದರೆ ಒಂದು ಅಂಕಿಯನ್ನು ಮೆಲ್ಲಗೆ ಹಿಂದಿರುಗಿಸುತ್ತದೆ. ಅದನ್ನು ಗಮನಿಸುವುದು ಬರೆದವರ ಕೆಲಸ. ಅದಕ್ಕೇ ಒಳಗೆ ಏನಾಗುತ್ತಿದೆಯೆಂದು ಕಂಪ್ಯೂಟರ್ ಪರದೆಯ ಮೇಲೆ ತಿಳಿಸುವ ಡೀಬಗ್ ಸಾಲುಗಳನ್ನು ಹಾಕುತ್ತಿದ್ದೆವು. ಶಾರದಕ್ಕ ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವಾಗಿಯೇ ಬರೆಯುತ್ತಿದ್ದರು: “ವೈರ್ ಬಿಟ್ಟಿದೆ ನೋಡೇ”, “ಸಿಮ್ಮಿಗೆ ನೆಟ್‌ವರ್ಕ್ ಇಲ್ಲ ಮಾರಾಯ್ತಿ.”

“ಇದೆಂತ ಶಾರದಕ್ಕ, ಹರಟೆ ಜಾಸ್ತಿ ಆಯ್ತು. ಚಿಪ್ಪಲ್ಲಿ ಜಾಗ ಎಲ್ಲಿದೆ? ತೆಗೀರಿ,” ಎಂದಿದ್ದೆ.

“ನೀನು ಮಾತು ಕಮ್ಮಿ ಮಾಡು, ಜಾಗ ತಾನೇ ಆಗ್ತದೆ,” ಎಂದರೂ ತೆಗೆದರು. ಪರದೆಗೆ ಬಂದದ್ದನ್ನು ಫೈಲಿಗೆ ಉಳಿಸುವ ಸಾಲೂ ಹೋಯಿತು. ಜೊತೆಗೆ ಹೊಸದೊಂದು ಸೇರಿಸಿದ್ದರು: ಸೆನ್ಸರ್ ಓದಲಾಗದಿದ್ದರೆ ಕೊನೆಯ ಸಲ ಓದಿದ ಅಂಕಿಯನ್ನೇ ತೋರಿಸು. ಓದಿದೆ. ಚೆನ್ನಾಗಿಯೇ ಕಂಡಿತು. ಒಪ್ಪಿದೆ.

ಆ ದಿನ ಬೆಳಿಗ್ಗೆಯೇ ಅದನ್ನು ನಮ್ಮ ಕೋಣೆಯ ಫ್ರಿಜ್ಜಿಗೆ ಜೋಡಿಸಿ ಬಿಟ್ಟೆವು. ಊಟ ಮುಗಿದ ಮೇಲೂ ಪರದೆಯಲ್ಲಿ ನಾಲ್ಕು ಡಿಗ್ರಿ, ನಾಲ್ಕು ಡಿಗ್ರಿ ಎಂದೇ ಬರುತ್ತಿತ್ತು. ನರ್ಸ್ ಫೋನ್ ಮಾಡಿದಳು. “ನಾಳೆ ಬರ್ತೀರಲ್ಲ ಮೇಡಂ? ಮದ್ದು ಬಂದು ಇಳಿದಿದೆ.”

“ಬಂದ್ವಿ ಅಂತ್ಲೇ ತಿಳ್ಕೊ,” ಎಂದು ಶಾರದಕ್ಕ ಫೋನಿಟ್ಟರು. ಆಗಲೇ ಆ ನಾಲ್ಕುಗಳ ನಡುವೆ ಒಂದು ಸಾಲು ಬಂತು: “ಇದು ಈಗಿನದ್ದಲ್ಲ ಕಣೆ.”

ನಾನು ನಕ್ಕೆ. “ಒಂದನ್ನ ಬಚ್ಚಿಟ್ಟಿದ್ರಾ?”

ಶಾರದಕ್ಕ ನಗಲಿಲ್ಲ. “ನಾನೆಲ್ಲಿ? ನೀನೇ ತಮಾಷೆಗೆ ಹಾಕಿದ್ದಲ್ವೇನೇ?”

ಫ್ರಿಜ್ಜಿನ ಬಾಗಿಲು ತೆಗೆದೆವು. ಊಟಕ್ಕೆ ಮಜ್ಜಿಗೆ ತೆಗೆಯುವಾಗ ಯಾರ ಕೈ ತಾಗಿತ್ತೋ, ಸೆನ್ಸರಿನ ವೈರು ಕಿತ್ತು ನೇತಾಡುತ್ತಿತ್ತು. ಪರದೆಯಲ್ಲಿದ್ದದ್ದು ಊಟಕ್ಕೆ ಮುಂಚಿನ ನಾಲ್ಕು. ಆಸ್ಪತ್ರೆಯಲ್ಲಿ ಹೀಗಾಗಿದ್ದರೆ ಮದ್ದು ಕೆಡುತ್ತಿರುವಾಗಲೂ ನರ್ಸಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು.

ಶಾರದಕ್ಕ ಸ್ಟೂಲು ಎಳೆದುಕೊಂಡು ಕೂತರು. “ಪಾಪ, ಸಣ್ಣಪುಟ್ಟದ್ದಕ್ಕೆಲ್ಲ ಆ ಹುಡುಗಿ ಹೆದರೋದು ಬೇಡ ಅಂತ ಮಾಡಿದೆ. ಮನೆಗೆ ಬಂದವರಿಗೆ ಕುಡಿಯೋಕೆ ಕೊಡದೆ ಕೆಟ್ಟ ಸುದ್ದಿ ಹೇಳ್ತೇವಾ?”

“ಫ್ರಿಜ್ಜಿಗೆ ಅಷ್ಟು ಮರ್ಯಾದೆ ಬೇಡ ಶಾರದಕ್ಕ,” ಎಂದೆ. ಅವರಿಗೆ ಆಗ ನಗು ಬಂತು. ಇಬ್ಬರೂ ಕೂತು ಸರಿ ಮಾಡಿದೆವು. ಓದಲಾಗದಿದ್ದರೆ ಓದಲಾಗಲಿಲ್ಲ ಎಂದೇ ಮೆಸೇಜ್ ಹೋಗಬೇಕು. ಮರುದಿನ ಹೊಸನಗರಕ್ಕೆ ಹೋಗಿ ಜೋಡಿಸಿದೆವು, ಅದು ಈಗಲೂ ಕೆಲಸ ಮಾಡುತ್ತಿದೆ.

ಆದರೆ ಆ ಸಾಲು ಪ್ರೋಗ್ರಾಮಿನಲ್ಲಿ ಎಲ್ಲಿಯೂ ಇರಲಿಲ್ಲ. ಹಳೆಯ ಆವೃತ್ತಿಗಳಲ್ಲಿ ಹುಡುಕಿದೆವು. ಚಿಪ್ಪಿನೊಳಗಿದ್ದದ್ದನ್ನೆಲ್ಲ ಹೊರಗೆಳೆದು ನೋಡಿದೆವು. ಇಲ್ಲ. ಪರದೆಯಿಂದ ಮೇಲಕ್ಕೆ ಸರಿದು ಹೋದದ್ದನ್ನು ಉಳಿಸುವವರಿರಲಿಲ್ಲ. ಫೈಲಿಗೆ ಉಳಿಸುವ ಸಾಲನ್ನು ತೆಗೆಸಿದವಳು ನಾನೇ.

ಇನ್ನೂ ಒಂದಿದೆ. ಶಾರದಕ್ಕನ ಪ್ರಕಾರ ಅಲ್ಲಿ ಬಂದದ್ದು “ಇದು ಈಗಿನದ್ದಲ್ಲ ಶಾರದಾ” ಎಂದು. “ಹಾಗೆ ಕರೆಯೋರು ಯಾರೂ ಉಳಿದಿಲ್ಲ ಕಣೆ, ಅದಕ್ಕೇ ಮರೆತಿಲ್ಲ,” ಎನ್ನುತ್ತಾರೆ. ಸಿಕ್ಕಾಗಲೆಲ್ಲ ಚಹಾ ಆರುವವರೆಗೂ ಇದೇ ಜಗಳ. ಅವರು ಸೋಲುವುದಿಲ್ಲ, ಸೋಲಲಿ ಎಂದು ನನಗೂ ಅನ್ನಿಸುವುದಿಲ್ಲ.

ಆ ಪರದೆಯನ್ನು ಈಗಲೂ ನೆನೆಸಿಕೊಳ್ಳುತ್ತೇನೆ. ನೆನಪನ್ನು ಕೇಳಿದ ತಕ್ಷಣ “ಕಣೆ” ಎಂದೇ ಕಾಣುತ್ತದೆ, ಪ್ರತಿ ಸಲವೂ ಅದೇ, ಒಂದಿಷ್ಟೂ ಅಲುಗದೆ. ಅಷ್ಟು ಸ್ಥಿರವಾಗಿ ಕಾಣುವುದೇ ನನಗೆ ದಿಗಿಲು. ನನ್ನೊಳಗಿನ ವೈರು ಯಾವಾಗ ಕಿತ್ತುಹೋಯಿತೋ ತಿಳಿಯದು.