ಅಕ್ಕ ಹಾಕಿದ ತೇಪೆ

ಹೋದ ವಾರ ಗಂಗಾವತಿಯ ನಮ್ಮ ಓಣಿಯಲ್ಲಿ ರಸ್ತೆಗುಂಡಿ ಮುಚ್ಚಲು ಡಾಂಬರು ಕಾಯಿಸುತ್ತಿದ್ದರು. ಆ ಕಮಟು ಹೊಗೆ ಕಿಟಕಿಯಿಂದ ಒಳಗೆ ಬಂತು. ಚಹಾದ ಲೋಟ ಕೈಯಲ್ಲೇ ಉಳಿಯಿತು... ಅಕ್ಕ ನೆನಪಾದಳು.

ಕೂಲಿಯವರೆಲ್ಲ ಆಕೆಯನ್ನು ಅಕ್ಕ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ತಳಕಲ್ ಕಡೆಯವಳು. ಸೀರೆಯ ಮೇಲೆ ಗಂಡನ ಹಳೆಯ ಅಂಗಿ, ತಲೆಗೆ ಟವೆಲ್ಲು. ನಾನಾಗ ಡಿಪ್ಲೊಮಾ ಮುಗಿಸಿ ಗುತ್ತಿಗೆದಾರರೊಬ್ಬರ ಬಳಿ ಸೂಪರ್‌ವೈಸರ್ ಆಗಿದ್ದೆ. ಶ್ರೀರಾಮನಗರದ ರಸ್ತೆಯನ್ನು ಭತ್ತದ ಲಾರಿಗಳು ವರ್ಷವಿಡೀ ಕಿತ್ತುಹಾಕುತ್ತಿದ್ದವು, ನಾವು ತೇಪೆ ಹಾಕುತ್ತಿದ್ದೆವು. ಅಕ್ಕ ಗುಂಡಿಯ ಅಂಚನ್ನು ನೆಟ್ಟಗೆ ಕಡಿದು, ಧೂಳು ಹೋಗುವ ತನಕ ಗುಡಿಸಿ, ತಳಕ್ಕೆ ಅಂಗೈ ಒತ್ತಿ ಹಸಿ ಇದೆಯೇ ಎಂದು ನೋಡುತ್ತಿದ್ದಳು. ಡಾಂಬರು, ಖಡಿಕಲ್ಲು ಎಲ್ಲ ಆಮೇಲೆ. ನಾನು ನಿಂತು ಹಾಕಿಸಿದ ತೇಪೆ ತಿಂಗಳಿಗೇ ಏಳುತ್ತಿತ್ತು. ಆಕೆಯದು ಮಳೆಗಾಲ ದಾಟುತ್ತಿತ್ತು.

ಒಮ್ಮೆ ಇಂಜಿನಿಯರ್ ಸಾಹೇಬರು ಬಂದು ಒಂದು ತೇಪೆಯನ್ನು ಬೂಟಿನಿಂದ ಒದ್ದು ನೋಡಿದರು. "ಭಾಳ ಛಲೋ ಕುಂತೈತಿ. ಯಾರು ಹಾಕ್ಯಾರ?"

"ಅಕ್ಕ ಹಾಕ್ಯಾಳ್ರಿ," ಎಂದರು ಕೂಲಿಯವರು.

ಸಾಹೇಬರು ನನ್ನತ್ತ ತಿರುಗಿ ನಕ್ಕರು. "ನೀನೂ ಆಕಿ ಕಡಿಂದ ಕಲಕೋಪಾ."

ಹೊಟ್ಟೆಯೊಳಗೆ ಬೆಂಕಿ ಬಿತ್ತು. ಓದಿದವನು ನಾನು, ಹೊಗಳಿಕೆ ಸಹಿ ಮಾಡಲೂ ಬಾರದವಳಿಗೆ... ಮರುದಿನವೇ ಆಕೆಯನ್ನು ಖಡಿ ಹೊರಲು ಹಚ್ಚಿದೆ. ಕಾಲುವೆಯ ನೀರು ಜಿನುಗುತ್ತಿದ್ದ ಒಂದು ಗುಂಡಿಗೆ ನಾನು ಡಾಂಬರು ಸುರಿಸತೊಡಗಿದಾಗ, ಹೊತ್ತ ಬುಟ್ಟಿ ಇಳಿಸಿ ಬಂದಳು.

"ತಳ ಹಸಿ ಐತ್ರಿ ಸಾಹೇಬ್ರ. ಎದ್ದ ಬರತೈತಿ."

"ನೀ ನಿನ್ನ ಖಡಿ ಹೊರು," ಎಂದೆ.

ಎಂಟು ದಿನಕ್ಕೆ ಎದ್ದು ಬಂತು. ಬೈಕಿನವನೊಬ್ಬ ಅಲ್ಲಿ ಬಿದ್ದು ಕೈ ಮುರಿದುಕೊಂಡ. ಸಾಹೇಬರು ಕೆಂಡವಾಗಿ ಬಂದು, "ಇದು ಯಾರ ಕೆಲಸ?" ಎಂದರು.

ನಾನು ಅಕ್ಕನತ್ತ ಬೆರಳು ತೋರಿಸಿದೆ.

"ನಾಳಿಂದ ಈಕಿ ಬ್ಯಾಡ," ಎಂದು ಹೇಳಿ ಸಾಹೇಬರು ಜೀಪು ಹತ್ತಿದರು. ಕೂಲಿಯವರು ತಲೆ ಎತ್ತಲಿಲ್ಲ. ಅಕ್ಕ ಟವೆಲ್ಲು ಬಿಚ್ಚಿ ಕೊಡವಿ ನನ್ನೆದುರು ನಿಂತಳು.

"ಆ ಗುಂಡಿ ನಂದಲ್ಲಂತ ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ. ಇರ್ಲಿ ಬಿಡ್ರಿ."

ಬಸ್ಸಿನ ದಾರಿ ಹಿಡಿದಳು. ನಿಜ ಹೇಳಬೇಕೆಂದರೆ, ಆ ದಿನ ನನಗೆ ನಾಚಿಕೆಗಿಂತ ನಿರಾಳವೇ ಹೆಚ್ಚಾಗಿತ್ತು. ನಾಚಿಕೆ ಬರಲು ವರ್ಷಗಳೇ ಹಿಡಿದವು. ಕೊನೆಗೊಮ್ಮೆ ತಳಕಲ್‌ಗೆ ಹೋಗಿ ಮನೆ ಹುಡುಕಿದಾಗ ಸೊಸೆ ಬಾಗಿಲಿಗೆ ಬಂದಳು.

"ಅತ್ತಿ ತೀರಿಕೊಂಡು ಎರಡು ವರ್ಷ ಆತ್ರಿ. ನೀವು ಯಾರ್ರಿ?"

ನಾನೂ ಬಸ್ಸಿನ ದಾರಿ ಹಿಡಿದೆ.

ಈಗ ನಾನೇ ಗುತ್ತಿಗೆದಾರ. ಕೆಲಸ ಗಟ್ಟಿ ಎಂದು ಜನ ಹೊಗಳುತ್ತಾರೆ. ಆಗೆಲ್ಲ ಅದೇ ಹಳೆಯ ಹೊಟ್ಟೆಕಿಚ್ಚು ಏಳುತ್ತದೆ: ಅಕ್ಕನದಕ್ಕಿಂತ ಗಟ್ಟಿಯೇ? ಹೇಳಬಲ್ಲವಳು ಒಬ್ಬಳೇ ಇದ್ದಳು.