ಊಟದ ನಡುವೆ ಏಳಬಾರದು

ಬಿಸಿ ಅನ್ನಕ್ಕೆ ಹಸಿ ಎಣ್ಣೆ ಬಿಟ್ಟು ಮೆಂತ್ಯಹಿಟ್ಟು ಕಲಸುವಾಗ ಏಳುವ ಆ ಕಹಿಗಂಪು ಎಲ್ಲಿ ಮೂಗಿಗೆ ಬಡಿದರೂ ನನಗೆ ಗುಜರಾತಿನ ಹಜೀರಾದ ಕಂಪನಿ ಕಾಲೊನಿಯ ನಮ್ಮ ಮನೆ ನೆನಪಾಗುತ್ತದೆ. ಅಪ್ಪ ಅಲ್ಲಿ ಇಂಜಿನಿಯರ್. ಅಜ್ಜಿ ತೀರಿಕೊಂಡ ಮೇಲೆ ಅಜ್ಜ, ಅಪ್ಪನ ತಂದೆ, ಧಾರವಾಡದ ಮನೆಗೆ ಬೀಗ ಹಾಕಿ ನಮ್ಮೊಡನೆ ಇರಲು ಬಂದಿದ್ದರು. ಮಾಸ್ತರಿಕೆ ಮಾಡಿ ನಿವೃತ್ತರಾದವರು. ಗುಜರಾತಿಯಲ್ಲೇ ಕನಸು ಕಾಣುತ್ತಿದ್ದ ನನಗೂ ತಮ್ಮ ವಿನಯನಿಗೂ ಕನ್ನಡ ಅಕ್ಷರ ಕಲಿಸಲು ಹೋಗಿ ಸೋತು, ಊಟ ಮಾಡುವುದನ್ನಾದರೂ ಕಲಿಸುತ್ತೇನೆಂದು ಹಟ ಹಿಡಿದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಅಂಗೈಗೆ ಅನ್ನ ಮೆತ್ತಬಾರದು. ತಟ್ಟೆಯಲ್ಲಿ ಅಗುಳು ಉಳಿಸಬಾರದು. ವಿನಯ “ಅಜ್ಜಾ, ಪೂರು ಥಯು” ಎಂದು, ಮುಗಿಯಿತೆಂದು ಗುಜರಾತಿಯಲ್ಲಿ ಸಾರಿ ಏಳಲು ನೋಡಿದರೆ ತೊಡೆಯ ಮೇಲೆ ಮೆಲ್ಲಗೆ ಕೈಯಿಟ್ಟು ಕೂರಿಸುತ್ತಿದ್ದರು. “ಎಲ್ಲಾರ್ದೂ ಆಗೂತನಾ ಏಳಬಾರದಪಾ. ಅನ್ನಕ್ಕ ಅವಮಾನ ಆಗ್ತದ.”

ಅದೊಂದು ಭಾನುವಾರ ಅಪ್ಪನಿಗೆ ಹಗಲು ಪಾಳಿ. ನಾವು ನಾಲ್ವರು ಊಟಕ್ಕೆ ಕೂತಿದ್ದೆವು. ಒಳಕೋಣೆಯಲ್ಲಿ ಅಮ್ಮನ ಮೊಬೈಲು ರಿಂಗಾಯಿತು.

“ಇವರದ ಇರಬೇಕ್ರಿ” ಎಂದಳು ಅಮ್ಮ.

“ಉಂಡು ಮಾಡೀಯಂತ, ಕೂಡವಾ. ಹುಡುಗೂರು ನಿನ್ನ ನೋಡಿ ಕಲೀತಾವ” ಎಂದರು ಅಜ್ಜ.

ಅದು ನಿಂತು ಮತ್ತೆ ರಿಂಗಾಯಿತು. ಮತ್ತೆ ನಿಂತು, ಮೂರನೆಯ ಸಲ ರಿಂಗಾಯಿತು. ಅಮ್ಮ ತಟ್ಟೆಯ ಮೇಲಿನ ಕಣ್ಣು ಎತ್ತಲಿಲ್ಲ. ನಾವು ಮಜ್ಜಿಗೆ ಅನ್ನ ಉಂಡು, ಎದ್ದು ಕೈತೊಳೆದೆವು. ಅಮ್ಮ ತಿರುಗಿ ಫೋನ್ ಮಾಡಿದಾಗ ಅಪ್ಪನ ದನಿ ಕೇಳಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಮಾತಾಡಿದರು. ಎದೆನೋವೆಂದು ಕೂತ ಅಪ್ಪ ಮನೆಗೆ ಫೋನ್ ಹಚ್ಚಿ ಹಚ್ಚಿ ನೋಡಿದರಂತೆ. ಆಸ್ಪತ್ರೆಯ ದಾರಿಯಲ್ಲೇ ಜೀವ ಹೋಗಿತ್ತು.

ಫೋನ್ ಎತ್ತಿದ್ದರೂ ಉಳಿಸಲಾಗುತ್ತಿರಲಿಲ್ಲ ಎಂದು ಡಾಕ್ಟರು ಅಜ್ಜನಿಗೆ ಹಿಂದಿಯಲ್ಲಿ ಎರಡೆರಡು ಸಲ ಹೇಳಿದರು. ಅಜ್ಜ ತಲೆಯಾಡಿಸಿದರು. ಆದರೆ ಅಪ್ಪ ಏನು ಹೇಳಬೇಕೆಂದಿದ್ದರೋ, ಅದನ್ನು ಹೇಳುವವರು ಯಾರೂ ಇರಲಿಲ್ಲ.

ಕ್ವಾರ್ಟರ್ಸ್ ಬಿಟ್ಟು ನಾವು ವಡೋದರಾಕ್ಕೆ ಬಂದೆವು. ಮಕರಪುರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಅಮ್ಮನಿಗೆ ಕೆಲಸ ಸಿಕ್ಕಿತು. ಅಲ್ಲಿನ ಮನೆಯಲ್ಲಿ ಯಾರೂ ಯಾರಿಗೂ ಊಟದ ರೀತಿ ಹೇಳಲಿಲ್ಲ. ವಿನಯ ತಟ್ಟೆ ಹಿಡಿದು ಟಿವಿ ಮುಂದೆ ಕೂತ, ಅರ್ಧ ಚೆಲ್ಲಿದ. ಬೈಯಲಿ ಎಂದೇ ಅವನು ಹಾಗೆ ಮಾಡುತ್ತಿದ್ದನೆಂದು ಈಗ ಅನಿಸುತ್ತದೆ. ಅಜ್ಜ ಬೈಯಲಿಲ್ಲ. ಅಮ್ಮನೂ ಅವರನ್ನು ಒಂದು ಮಾತು ಅನ್ನಲಿಲ್ಲ. ಎಷ್ಟೋ ವರ್ಷಗಳ ನಂತರ ಬೇಳೆ ಆರಿಸುತ್ತ, ಕೇಳದೆಯೇ ನನಗೆ ಹೇಳಿದಳು: “ನಾನೂ ಏಳಬಹುದಿತ್ತಲ್ಲ. ನನ್ನ ಕಾಲು ಯಾರು ಕಟ್ಟಿದ್ರು?”

ಅಷ್ಟು ಹೊತ್ತಿಗೆ ಅಜ್ಜ ಹೋಗಿಯಾಗಿತ್ತು. ಕೊನೆಯ ಎರಡು ವರ್ಷ ಅವರು ನಮ್ಮೊಡನೆ ಉಣ್ಣಲಿಲ್ಲ. ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯ ಕಟ್ಟೆಗೆ ಒರಗಿ, ನಿಂತಲ್ಲೇ, ಕದ್ದು ತಿನ್ನುವವರಂತೆ ಗಬಗಬ ನುಂಗುತ್ತಿದ್ದರು. ಅಂಗೈಯೆಲ್ಲ ಅನ್ನ. ನಾನು ನೀರು ಕುಡಿಯುವ ನೆವದಲ್ಲಿ ಬಾಗಿಲವರೆಗೆ ಹೋಗಿ ನಿಲ್ಲುತ್ತಿದ್ದೆ. “ಬರ್ರಿ ಅಜ್ಜಾ, ಕೂತು ಉಣ್ಣೂಣು” ಎಂಬಷ್ಟು ಕನ್ನಡ ನನಗೆ ಬರುತ್ತಿತ್ತು. ಹೇಳಲಿಲ್ಲ.